ಚಿಕ್ಕಬಳ್ಳಾಪುರದಿಂದ ಗುಲ್ಮಾರ್ಗ್‌ಗೆ: ಪುಟ್ಟ ಮಕ್ಕಳ ಜೊತೆ ಸ್ಕೀ ರಜೆಗೆ ತಯಾರಿ

"ಮಂಜು ನೋಡೋಕೆ ಕಾಶ್ಮೀರಕ್ಕೆ ಹೋಗೋಣ" ಎಂದಾಗ ನಮ್ಮ 4 ವರ್ಷದ ಮಗ ಕೇಳಿದ್ದು ಇಷ್ಟೇ: "ಮಂಜು ನಂದಿ ಬೆಟ್ಟದಲ್ಲೇ ಇದೆಯಲ್ಲಮ್ಮಾ?" ಅವನ ತಪ್ಪಿಲ್ಲ. ಬೆಳಗ್ಗೆ ಬೆಟ್ಟಕ್ಕೆ ಮುಸುಕುವುದಕ್ಕೂ ಮಂಜು ಅನ್ನುತ್ತೇವೆ, ಹಿಮಾಲಯದಲ್ಲಿ ಬೀಳುವುದಕ್ಕೂ ಮಂಜು ಅನ್ನುತ್ತೇವೆ. ನಮ್ಮೂರಲ್ಲಿ 13–14 ಡಿಗ್ರಿಗೆ ಇಳಿದರೆ ಕಿವಿಗೆ ಮಫ್ಲರ್ ಬರುತ್ತದೆ. ಅಂಥ ಊರಿನ ಮಕ್ಕಳನ್ನು ಮೈನಸ್ ಡಿಗ್ರಿಯಲ್ಲಿ, ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿ, ಇಳಿಜಾರಿನಲ್ಲಿ ನಿಲ್ಲಿಸುವುದು ಹುಡುಗಾಟವಲ್ಲ.

ಹಾಗಂತ ಆಗದ ಕೆಲಸವೂ ಅಲ್ಲ. 7 ವರ್ಷದ ಮಗಳು, 4 ವರ್ಷದ ಮಗ ಇಬ್ಬರನ್ನೂ ಕರೆದುಕೊಂಡು ಹೋಗಿ ಬಂದೆವು. ಕೆಲವು ಸರಿ ಮಾಡಿದೆವು, ಕೆಲವು ಕೆಡಿಸಿಕೊಂಡೆವು. ನನಗೆ ಅರ್ಥವಾದದ್ದು ಒಂದು. ಮಕ್ಕಳ ಕಾಲು, ಕೈ ಬೆಚ್ಚಗೆ ಒಣಗಿದ್ದರೆ ಉಳಿದದ್ದೆಲ್ಲ ಹೇಗೋ ನಡೆಯುತ್ತದೆ. ಅವು ಒದ್ದೆಯಾದರೆ ಎಷ್ಟು ಖರ್ಚು ಮಾಡಿದ್ದರೂ ಅರ್ಧ ಗಂಟೆಗೆ "ರೂಮಿಗೆ ಹೋಗೋಣ" ಶುರುವಾಗುತ್ತದೆ.

ಎಲ್ಲಿಗೆ, ಯಾವಾಗ

ನಮ್ಮ ದೇಶದಲ್ಲಿ ಸ್ಕೀ ಎಂದರೆ ಮುಖ್ಯವಾಗಿ ಮೂರು ಜಾಗ: ಕಾಶ್ಮೀರದ ಗುಲ್ಮಾರ್ಗ್, ಮನಾಲಿ ಪಕ್ಕದ ಸೋಲಂಗ್ ಕಣಿವೆ, ಉತ್ತರಾಖಂಡದ ಔಲಿ. ಔಲಿ ಚೆಂದ. ಆದರೆ ಜೋಶಿಮಠ ತಲುಪುವಷ್ಟರಲ್ಲಿ ಬೆಟ್ಟದ ರಸ್ತೆಯಲ್ಲಿ ಇಡೀ ದಿನ ಹೋಗುತ್ತದೆ. 2023ರ ಆರಂಭದಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇಯನ್ನೂ ನಿಲ್ಲಿಸಿದ್ದರು. ಕಾರಿನಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಔಲಿಯನ್ನು ಸದ್ಯ ಬಿಡಿ. ಸೋಲಂಗ್ ಮನಾಲಿಯಿಂದ 14 ಕಿ.ಮೀ. ಅಷ್ಟೇ, ಆದರೆ ಮನಾಲಿಗೂ ದೂರದ ರಸ್ತೆ ಪ್ರಯಾಣ ತಪ್ಪಿದ್ದಲ್ಲ.

ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿ.ಮೀ. ನಮಗಂತೂ ದೇವನಹಳ್ಳಿ ಏರ್‌ಪೋರ್ಟ್ ಪಕ್ಕದ ಮನೆ ಇದ್ದಂತೆ, ಬೆಂಗಳೂರಿನವರು ಹೊಟ್ಟೆ ಉರಿದುಕೊಳ್ಳಬೇಕು. ರಸ್ತೆ ಪ್ರಯಾಣ ಕಡಿಮೆ ಎಂಬ ಒಂದೇ ಕಾರಣಕ್ಕೆ ನಾನು ಗುಲ್ಮಾರ್ಗ್ ಎನ್ನುತ್ತೇನೆ.

2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಮನೆಯ ಹಿರಿಯರು ಮೊದಲು ಕೇಳುವುದು "ಅಲ್ಲಿಗೇ ಯಾಕೆ?" ಎಂದು. ಆ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಟಿಕೆಟ್ ಮಾಡುವ ಮುಂಚೆ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಸರ್ಕಾರದ ಸೂಚನೆ ನೋಡಿ. ಮನಸ್ಸು ಒಪ್ಪದಿದ್ದರೆ ಸೋಲಂಗ್‌ಗೆ ಹೋಗಿ. ಮುಂದೆ ಹೇಳುವ ತಯಾರಿ ಹೆಚ್ಚು ಕಡಿಮೆ ಅಲ್ಲಿಗೂ ಅದೇ.

ಇನ್ನು ತಿಂಗಳು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ 'ಚಿಲ್ಲೈ ಕಲಾನ್', ಅಂದರೆ ಕಡು ಚಳಿ. ಆಮೇಲೆ 20 ದಿನ 'ಚಿಲ್ಲೈ ಖುರ್ದ್', ಅದಾದ ಮೇಲೆ 10 ದಿನ 'ಚಿಲ್ಲೈ ಬಚ್ಚಾ', ಮರಿ ಚಳಿ. ಮಕ್ಕಳಿಗೆ ಫೆಬ್ರವರಿ ಮೊದಲ ಎರಡು ವಾರ ಒಳ್ಳೆಯದು. ಹಿಮ ಕೂತಿರುತ್ತದೆ, ಚಳಿ ಸ್ವಲ್ಪ ಮುರಿದಿರುತ್ತದೆ. ಕ್ರಿಸ್‌ಮಸ್‌ಗೆ ಹೋಗುವವರು ಜಾಸ್ತಿ, ಆದರೆ ಆಗ ಹಿಮದ ಗ್ಯಾರಂಟಿ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಯಲು ಹಿಮವಿಲ್ಲದೆ ಕಂದು ಬಣ್ಣಕ್ಕೆ ತಿರುಗಿದ್ದ ಫೋಟೋಗಳನ್ನು ನೀವೂ ನೋಡಿರಬಹುದು. ಆ ಸಲ ಹಿಮ ಬಂದದ್ದು ತಿಂಗಳ ಕೊನೆಗೆ.

ನಮ್ಮ ಶಾಲೆಗಳಿಗೆ ದೊಡ್ಡ ರಜೆ ಇರುವುದು ದಸರಾಗೆ ಮತ್ತು ಬೇಸಿಗೆಗೆ. ಎರಡೂ ಹೊತ್ತಿನಲ್ಲಿ ಸ್ಕೀಗೆ ಹಿಮ ಸಿಗುವುದಿಲ್ಲ. ಅದಕ್ಕೇ ಈ ಪ್ರವಾಸ ಎಲ್‌ಕೆಜಿಯಿಂದ ಮೂರನೇ ಕ್ಲಾಸಿನೊಳಗೆ ಆಗಬೇಕು. ಆಗ ವಾರ ರಜೆ ಹಾಕಿದರೆ ಮಿಸ್‌ಗೂ ಬೇಜಾರಿಲ್ಲ, ಮಕ್ಕಳಿಗೂ ನಷ್ಟವಿಲ್ಲ.

ಎಷ್ಟು ವಯಸ್ಸಿಗೆ ಏನು

ಮೂರು ವರ್ಷದೊಳಗಿನ ಮಗುವಿಗೆ ಸ್ಕೀ ಬೇಡ. ಹಿಮದಲ್ಲಿ ಕೂತು ಬಕೆಟ್ ತುಂಬಿಸಿದರೆ ಅದಕ್ಕೇ ಖುಷಿ. ನಾಲ್ಕು–ಐದಕ್ಕೆ ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಸಾಕು. ಕಲಿಯುವುದು ಎನ್ನುವಂಥದ್ದು ಶುರುವಾಗುವುದು ಆರರ ಮೇಲೆ. ನಮ್ಮ ಮಗ ಮೊದಲ ದಿನ 20 ನಿಮಿಷ ಸ್ಕೀ ಮೇಲೆ ನಿಂತ. ಉಳಿದ ಹೊತ್ತೆಲ್ಲ ಹಿಮದಲ್ಲಿ ಮುದ್ದೆ ಕಟ್ಟಿ ಅಕ್ಕನಿಗೆ ಎಸೆದ. ಅಷ್ಟೇ ಸಾಕಿತ್ತು.

ಆಸ್ತಮಾ, ಹೃದಯದ ತೊಂದರೆ, ಪದೇ ಪದೇ ಕಿವಿನೋವು ಇರುವ ಮಕ್ಕಳಾದರೆ ಟಿಕೆಟ್‌ಗೂ ಮುಂಚೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. 'ಎತ್ತರದ ಜಾಗ, 2,650 ಮೀಟರ್' ಎಂದು ಸ್ಪಷ್ಟವಾಗಿ ಹೇಳಿ. ಸುಮ್ನೆ 'ಟೂರ್ ಹೋಗ್ತಿದೀವಿ' ಎಂದರೆ ಅವರು ವಾಂತಿ, ಜ್ವರದ ಮಾತ್ರೆ ಬರೆದುಕೊಟ್ಟು ಕಳಿಸುತ್ತಾರೆ.

ಎರಡು ತಿಂಗಳ ಮುಂಚೆ: ಕಾಲಿಗೆ ಕಸುವು

ಸ್ಕೀ ಮಾಡುವಾಗ ಮಂಡಿ ಸದಾ ಸ್ವಲ್ಪ ಮಡಚಿರಬೇಕು. ತೊಡೆಗೆ ಅಭ್ಯಾಸವಿಲ್ಲದಿದ್ದರೆ ಹತ್ತೇ ನಿಮಿಷಕ್ಕೆ ನಡುಗುತ್ತದೆ. ಇದಕ್ಕೆ ಜಿಮ್ ಬೇಡ. ಕುಂಟೆಬಿಲ್ಲೆ ಆಡಿಸಿ. ಒಂಟಿ ಕಾಲಲ್ಲಿ ತೂಕ ಹಿಡಿಯುವುದು, ತಿರುಗುವುದು, ಬಗ್ಗುವುದು ಎಲ್ಲ ಅದರಲ್ಲಿದೆ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದನ್ನು ಯಾರು ಜಾಸ್ತಿ ಹೊತ್ತು ಮಾಡುತ್ತಾರೆ ಎಂದು ಪಂದ್ಯ ಕಟ್ಟಿ. ಮಗಳು 40 ಸೆಕೆಂಡು ಕೂತಳು. ನಮ್ಮವರು 25ಕ್ಕೆ ಎದ್ದರು. ಅಂದರೆ ದೊಡ್ಡವರಿಗೂ ಇದು ಬೇಕು.

ಭಾನುವಾರಗಳಂದು ನಂದಿ ಬೆಟ್ಟವನ್ನು ಕಾರಿನಲ್ಲಿ ಹತ್ತುವ ಬದಲು ಸುಲ್ತಾನಪೇಟೆ ಕಡೆಯ ಮೆಟ್ಟಿಲಲ್ಲಿ ಹತ್ತಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ. ಮಕ್ಕಳು ಎಷ್ಟು ಹತ್ತುತ್ತಾರೋ ಅಷ್ಟು. ಹತ್ತುವುದಕ್ಕಿಂತ ಇಳಿಯುವುದು ತೊಡೆಗೆ ಒಳ್ಳೆಯ ಪಾಠ. ರೋಲರ್ ಸ್ಕೇಟಿಂಗ್ ಕ್ಲಾಸ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಜಾರುವ ಭಯ ಅರ್ಧ ಅಲ್ಲೇ ಹೋಗುತ್ತದೆ.

ಬಟ್ಟೆ: ಇಲ್ಲಿ ಕೈ ಬಿಗಿ ಮಾಡಬೇಡಿ

ನಮ್ಮ ಅತ್ತೆ ಎರಡು ಕಾಟನ್ ಬನಿಯನ್, ಮೇಲೆ ಎರಡು ಸ್ವೆಟರ್ ಎಂದು ಲೆಕ್ಕ ಹಾಕಿದ್ದರು. ನಮ್ಮೂರ ಚಳಿಗೆ ಸರಿ. ಹಿಮದಲ್ಲಿ ಕಾಟನ್ ಶತ್ರು. ಮಕ್ಕಳು ಓಡಾಡಿ ಬೆವರುತ್ತಾರೆ, ಬೆವರು ಕಾಟನ್‌ನಲ್ಲಿ ನಿಂತು ತಣ್ಣಗಾಗಿ ಮೈಗೆ ಅಂಟುತ್ತದೆ. ನಿಂತ ತಕ್ಷಣ ನಡುಕ ಬರುತ್ತದೆ.

ಬೇಕಾದದ್ದು ಮೂರು ಪದರ. ಮೈಗೆ ತಾಗುವಂತೆ ಥರ್ಮಲ್, ಉಣ್ಣೆಯದಾದರೂ ಸರಿ, ಪಾಲಿಯೆಸ್ಟರ್ ಆದರೂ ಸರಿ. ಅದರ ಮೇಲೆ ಫ್ಲೀಸ್, ಅಂದರೆ ಮೆತ್ತನೆಯ ಬೆಚ್ಚನೆ ಮೇಲಂಗಿ. ಎಲ್ಲದರ ಮೇಲೆ ನೀರು ಒಳಗೆ ಬಿಡದ ಜಾಕೆಟ್ ಮತ್ತು ಪ್ಯಾಂಟ್. ಪ್ಯಾಂಟ್‌ಗೆ ಭುಜದ ಪಟ್ಟಿ ಇರುವಂಥದ್ದನ್ನೇ ನೋಡಿ. ಮಕ್ಕಳು ಬಿದ್ದಾಗ ಸೊಂಟದಿಂದ ಹಿಮ ಒಳಗೆ ಹೋಗುವುದಿಲ್ಲ. ಏರ್‌ಪೋರ್ಟ್ ರಸ್ತೆಯ ಚಿಕ್ಕಜಾಲದ ಡೆಕಾಥ್ಲಾನ್ ನಮಗೆ ದಾರಿಯಲ್ಲೇ ಸಿಗುತ್ತದೆ. ಮಕ್ಕಳ ಅಳತೆ ಬೇಗ ಖಾಲಿಯಾಗುವುದರಿಂದ ನವೆಂಬರ್‌ನಲ್ಲೇ ಹೋಗಿ.

ಕೊಳ್ಳುವುದೋ, ಬಾಡಿಗೆಯೋ? ನನ್ನ ಲೆಕ್ಕ ಹೀಗೆ. ಮೈಗೆ ತಾಗುವುದೆಲ್ಲ ಸ್ವಂತದ್ದು: ಥರ್ಮಲ್, ಸಾಕ್ಸ್, ಗ್ಲೌಸ್, ಕನ್ನಡಕ. ಸ್ಕೀ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ. ಗುಲ್ಮಾರ್ಗ್ ದಾರಿಯಲ್ಲಿ ಸಿಗುವ ತಂಗಮಾರ್ಗ್‌ನಲ್ಲಿ ದೊಡ್ಡ ಕೋಟು, ಗಮ್‌ಬೂಟು ಬಾಡಿಗೆಗೆ ಕೊಡುವವರು ಕಾರಿಗೇ ಮುತ್ತಿಕೊಳ್ಳುತ್ತಾರೆ. ನಿಮ್ಮದೇ ಜಾಕೆಟ್ ಇದ್ದರೆ ಆ ಕೋಟು ಬೇಡವೇ ಬೇಡ. ಅದನ್ನು ಹಾಕಿಕೊಂಡ ಮಗು ಕೈ ಎತ್ತಲೂ ಆಗದೆ ಗೊಂಬೆಯಂತೆ ನಿಲ್ಲುತ್ತದೆ.

ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ಮಿಟನ್ ಒಳ್ಳೆಯದು. ಹೆಬ್ಬೆರಳು ಮಾತ್ರ ಬೇರೆ, ಉಳಿದ ನಾಲ್ಕೂ ಒಂದೇ ಚೀಲದಲ್ಲಿ. ಬೆರಳುಗಳು ಒಂದನ್ನೊಂದು ಬೆಚ್ಚಗಿಡುತ್ತವೆ. ಒಂದು ಮಗುವಿಗೆ ಎರಡು ಜೊತೆ ಕಡ್ಡಾಯ, ಒಂದು ಒದ್ದೆಯಾಗುವುದು ಖಂಡಿತ. ಎರಡನ್ನೂ ದಾರ ಕಟ್ಟಿ ಜಾಕೆಟ್ ತೋಳಿನೊಳಗೆ ಹಾಯಿಸಿ. ಇಲ್ಲದಿದ್ದರೆ ಒಂದು ಇಳಿಜಾರಲ್ಲಿ ಕಳೆದುಹೋಗಿರುತ್ತದೆ.

ಸಾಕ್ಸ್ ವಿಷಯದಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ನಾವೂ ಮಾಡಿದೆವು. ಚಳಿ ಎಂದು ಎರಡು ಜೊತೆ ಹಾಕಿದೆವು. ಬೂಟಿನಲ್ಲಿ ಕಾಲು ಬಿಗಿಯಾಯಿತು, ರಕ್ತ ಓಡಾಡಲಿಲ್ಲ, ಬೆರಳು ಇನ್ನೂ ತಣ್ಣಗಾಯಿತು. ಮಂಡಿಯ ಹತ್ತಿರ ಬರುವಷ್ಟು ಉದ್ದನೆಯ ಸಾಕ್ಸ್, ಒಂದೇ ಜೊತೆ. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬೇಡಿ. ಆ ಮಡಿಕೆ ಒತ್ತಿ ಸಂಜೆಗೆ ಕೆಂಪು ಬರೆ ಎದ್ದಿರುತ್ತದೆ. ಬೂಟಿನೊಳಗೆ ಸಾಕ್ಸ್ ಬಿಟ್ಟು ಬೇರೇನೂ ಇರಬಾರದು.

ಬಿಸಿಲಿಗೂ ತಯಾರಾಗಿ. ಚಳಿಯಲ್ಲಿ ಸನ್‌ಸ್ಕ್ರೀನ್ ಯಾಕೆ ಎಂದು ನಾನೂ ನಕ್ಕಿದ್ದೆ. ಹೊಸ ಹಿಮ ಅತಿನೇರಳೆ ಕಿರಣಗಳನ್ನು ಶೇ 80ರವರೆಗೂ ವಾಪಸ್ ಎಸೆಯುತ್ತದೆ. ಪ್ರತಿ ಸಾವಿರ ಮೀಟರ್ ಮೇಲೆ ಹೋದಂತೆ ಆ ಕಿರಣ ಸುಮಾರು ಶೇ 10 ಜಾಸ್ತಿ. ಕೆಳಗಿನಿಂದಲೂ ಸುಡುತ್ತದೆ ಎಂದರ್ಥ. ಎಸ್‌ಪಿಎಫ್ 30ಕ್ಕಿಂತ ಮೇಲಿನದನ್ನು ಮೂಗು, ಕಿವಿ, ಗದ್ದದ ಕೆಳಗೂ ಹಚ್ಚಿ. ಗಾಗಲ್ ಇಲ್ಲದೆ ಮಕ್ಕಳನ್ನು ಹೊರಗೆ ಬಿಡಬೇಡಿ. ತುಟಿಗೆ ವ್ಯಾಸಲೀನ್ ಇರಲಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ, ನೆಚ್ಚಬೇಡಿ.

ಎಲ್ಲ ಬಂದ ಮೇಲೆ ಮನೆಯಲ್ಲೇ ಒಂದು ದಿನ ಪೂರ್ತಿ ಹಾಕಿಸಿ ನೋಡಿ. ಆಟದಂತೆ ಮಾಡಿ, ಗಡಿಯಾರ ಇಟ್ಟು. ನಮಗೆ ಮೊದಲ ಸಲ ಇಬ್ಬರಿಗೂ ಹಾಕಲು 35 ನಿಮಿಷ ಬೇಕಾಯಿತು. ಹಾಕಿ ಮುಗಿದ ಮೇಲೆ ಮಗ "ಅಮ್ಮಾ, ಸುಸ್ಸು" ಎಂದ. ಆವತ್ತಿನಿಂದ ಮನೆಯ ನಿಯಮ: ಮೊದಲು ಬಾತ್‌ರೂಮ್, ಆಮೇಲೆ ಥರ್ಮಲ್.

ಟಿಕೆಟ್, ಫೋನ್, ಚೀಲ

ದಿನಗಳನ್ನು ಹೀಗೆ ಹಂಚಿ. ಮೊದಲ ದಿನ ಶ್ರೀನಗರ, ರಾತ್ರಿ ಅಲ್ಲೇ. ಶ್ರೀನಗರ ಸುಮಾರು 1,585 ಮೀಟರ್, ಗುಲ್ಮಾರ್ಗ್ 2,650. ಚಿಕ್ಕಬಳ್ಳಾಪುರ 900 ಚಿಲ್ಲರೆ ಮೀಟರಿನಲ್ಲಿದೆ. ಒಂದೇ ದಿನ ಅಷ್ಟು ಹಾರಿದರೆ ದೊಡ್ಡವರಿಗೇ ತಲೆ ಭಾರ. ಎರಡನೇ ದಿನ ಮಧ್ಯಾಹ್ನ ಮೇಲೆ ಹೋಗಿ ಸುಮ್ನೆ ಹಿಮದಲ್ಲಿ ಆಡಿ, ಬೇಗ ಮಲಗಿ. ಮೂರು, ನಾಲ್ಕು, ಐದನೇ ದಿನ ಸ್ಕೀ. ಆರನೇ ದಿನ ಕೆಳಗೆ. ವಾಪಸ್ ವಿಮಾನ ಏಳನೇ ದಿನ. ಆ ಒಂದು ದಿನದ ಅಂತರ ಬಿಡಲೇಬೇಕು. ಹಿಮ ಬಿದ್ದರೆ ರಸ್ತೆಯೂ ನಿಲ್ಲುತ್ತದೆ, ವಿಮಾನವೂ ನಿಲ್ಲುತ್ತದೆ.

ಹಿಮ ಜಾಸ್ತಿ ಇದ್ದಾಗ ತಂಗಮಾರ್ಗ್‌ನಲ್ಲಿ ಕಾರು ಬದಲಿಸಬೇಕು. ಅಲ್ಲಿಂದ ಮೇಲಿನ 13 ಕಿ.ಮೀ. ತಿರುವುಗಳಿಗೆ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು. ಇದರ ಖರ್ಚನ್ನು ಟ್ಯಾಕ್ಸಿಯವರ ಜೊತೆ ಮೊದಲೇ ಮಾತಾಡಿ. ನಮಗೆ ಗೊತ್ತಿರಲಿಲ್ಲ. ಹಿಮ ಸುರಿಯುತ್ತಿರುವಾಗ, ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ರಸ್ತೆ ಮಧ್ಯೆ ಚೌಕಾಸಿ ಮಾಡಿದೆವು.

ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ಜಾಕೆಟ್ ಒಳಜೇಬಿನಲ್ಲಿ ಇಡಿ.

ಇನ್ನು ತಿಂಡಿ. ರಾಜ್ಮಾ, ರೊಟ್ಟಿ ಮಕ್ಕಳಿಗೆ ಎರಡು ದಿನ ಚೆಂದ, ಮೂರನೇ ದಿನ ಮೊಸರನ್ನದ ಜಪ ಶುರುವಾಗುತ್ತದೆ. ಅಷ್ಟು ಎತ್ತರದಲ್ಲಿ ನೀರು 91 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಹಾಗಾಗಿ ಬೇಯಿಸುವ ಅಡುಗೆ ನಿಧಾನ. ಬಿಸಿನೀರಿಗೆ ಕಲಸಿದರೆ ಮುಗಿಯುವಂಥದ್ದು ಒಯ್ಯಿರಿ. ರಾಗಿ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ನಮ್ಮನ್ನು ಕಾಪಾಡಿದವು. ಕಡಲೆಕಾಯಿ ಚಿಕ್ಕಿ ಜೇಬಿನಲ್ಲಿರಲಿ. ಒಣ ಕೊಬ್ಬರಿಯನ್ನು ಮಾತ್ರ ಹಾಕಬೇಡಿ. ಎಣ್ಣೆ ಅಂಶದಿಂದ ಬೆಂಕಿ ಹತ್ತುವ ವಸ್ತು ಎಂದು ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ. ಅತ್ತೆ ಕೊಟ್ಟ ಎರಡು ಗಿಟುಕು ದೇವನಹಳ್ಳಿಯಲ್ಲೇ ಉಳಿದವು.

ಇನ್ಶೂರೆನ್ಸ್ ಮಾಡಿಸುವುದಾದರೆ ಸಾಹಸ ಕ್ರೀಡೆಗೆ ಅನ್ವಯಿಸುತ್ತದೆಯೇ ಎಂದು ಓದಿ. ಹಲವು ಪಾಲಿಸಿಗಳಲ್ಲಿ ಸ್ಕೀ ಹೊರಗಿರುತ್ತದೆ.

ಬಾಡಿಗೆ ಅಂಗಡಿಯಲ್ಲಿ

ಇಲ್ಲಿ ಅರ್ಧ ಗಂಟೆ ಜಾಸ್ತಿ ಕಳೆಯಿರಿ, ನಾಚಿಕೆ ಬೇಡ. ಒಂದು ಅಂಗಡಿಯವರು ಮಗಳಿಗೆ ಎರಡು ಸೈಜ್ ದೊಡ್ಡ ಬೂಟು ಕೊಟ್ಟು "ದಪ್ಪ ಸಾಕ್ಸ್ ಹಾಕಿ, ಸರಿಹೋಗುತ್ತೆ" ಎಂದರು. ನಂಬಿದೆವು. ಕಾಲು ಒಳಗೆ ಅಲ್ಲಾಡಿ ಸ್ಕೀ ಒಂದು ಕಡೆ, ಮಗಳು ಒಂದು ಕಡೆ. ಮರುದಿನ ಬೇರೆ ಅಂಗಡಿಗೆ ಹೋದೆವು.

ಪರೀಕ್ಷೆ ಸುಲಭ. ಬೂಟಿನ ಒಳಗಿನ ಮೆತ್ತೆಯನ್ನು ಹೊರತೆಗೆಸಿ. ಬರೀ ಗಟ್ಟಿ ಚಿಪ್ಪಿನಲ್ಲಿ ಕಾಲಿಟ್ಟು ಬೆರಳು ಮುಂದೆ ತಾಗಿಸಲಿ. ಹಿಮ್ಮಡಿ ಹಿಂದೆ ನಿಮ್ಮ ಒಂದೂವರೆ ಬೆರಳಿನಷ್ಟು ಜಾಗ ಇದ್ದರೆ ಸರಿ. ಮೆತ್ತೆ ಹಾಕಿ ಬಕಲ್ ಬಿಗಿದ ಮೇಲೆ, ನೆಟ್ಟಗೆ ನಿಂತರೆ ಬೆರಳು ಮುಂದಕ್ಕೆ ಸ್ವಲ್ಪ ತಾಗಬೇಕು. ಮಂಡಿ ಮುಂದೆ ಬಗ್ಗಿಸಿದರೆ ಬಿಡಬೇಕು. ಹಿಮ್ಮಡಿ ಮೇಲೇಳಬಾರದು.

ಸ್ಕೀ ಉದ್ದ ಎದೆಯಿಂದ ಗದ್ದದವರೆಗೆ ಬಂದರೆ ಹೊಸಬರಿಗೆ ಸಾಕು. ಉದ್ದ ಜಾಸ್ತಿಯಾದಷ್ಟೂ ತಿರುಗಿಸುವುದು ಕಷ್ಟ. ಬೂಟನ್ನು ಸ್ಕೀಗೆ ಹಿಡಿಯುವ ಬೈಂಡಿಂಗ್ ಬಿದ್ದಾಗ ತಾನೇ ಬಿಟ್ಟುಕೊಳ್ಳಬೇಕು. ಅದನ್ನು ಮಗುವಿನ ತೂಕ, ಎತ್ತರ, ವಯಸ್ಸು ನೋಡಿ ತಿರುಗಿಸಿ ಇಡುತ್ತಾರೆ. ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ, ಮನೆಯಲ್ಲೇ ತೂಗಿಸಿ ಬನ್ನಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಒಳಗೆ ದಪ್ಪ ಕುಲಾವಿ ಬೇಡ. 'ಮಕ್ಕಳ ಹೆಲ್ಮೆಟ್ ಇಲ್ಲ' ಎಂದರೆ ಆ ಅಂಗಡಿ ಬಿಡಿ. ಕೋಲುಗಳು ಮೊದಲ ದಿನ ಬೇಡ, ಮಕ್ಕಳು ಅದರಲ್ಲಿ ಕತ್ತಿವರಸೆ ಆಡುತ್ತಾರೆ.

ಹಿಮದ ಮೇಲೆ

ಎಲ್ಲರೂ ಗೊಂಡೋಲಾ, ಗೊಂಡೋಲಾ ಎನ್ನುತ್ತಾರೆ, ಅಂದರೆ ಬೆಟ್ಟದ ಮೇಲಕ್ಕೆ ಒಯ್ಯುವ ಕೇಬಲ್ ಕಾರು. ಮಕ್ಕಳು ಕಲಿಯುವ ಜಾಗ ಅಲ್ಲಿ ಮೇಲಿಲ್ಲ, ಕೆಳಗಿನ ಬಟ್ಟಲಿನಂಥ ಬಯಲಿನ ಸಣ್ಣ ಇಳಿಜಾರಿನಲ್ಲಿದೆ. ಗೊಂಡೋಲಾದ ಮೊದಲ ಹಂತ ಸುಮಾರು 3,080 ಮೀಟರಿನ ಕೊಂಗ್‌ಡೂರಿವರೆಗೆ. ನೋಡಲು ಒಂದು ದಿನ ಹೋಗಿ, ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿ. ಎರಡನೇ ಹಂತ ಅಫರ್ವತ್ ಶಿಖರದ ಕಡೆ 3,950 ಮೀಟರಿಗೆ ಒಯ್ಯುತ್ತದೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಶೇ 60ರಷ್ಟೇ. ಪುಟ್ಟ ಮಕ್ಕಳನ್ನು ಅಲ್ಲಿಗೆ ಒಯ್ಯಬೇಡಿ ಎಂಬುದು ನನ್ನ ಮಾತು. ಗುರುತಿಲ್ಲದ ಇಳಿಜಾರುಗಳಂತೂ ಬೇಡವೇ ಬೇಡ. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಹಿಮಕುಸಿತವಾಗಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು.

ಕಲಿಸುವವರನ್ನು ನೀವೇ ಆಗಬೇಡಿ. ಅಪ್ಪ ಅಮ್ಮ ಹೇಳಿದರೆ ಅಳು, ಬೇರೆಯವರು ಹೇಳಿದರೆ ಪಾಠ. ಇಬ್ಬರು ಮಕ್ಕಳಿಗೆ ಒಬ್ಬ ಶಿಕ್ಷಕ ಸಾಕು. ಬೆಳಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯ ಹೊತ್ತು. ಸಂಜೆಗೆ ಕರಗಿದ ಹಿಮ ಮತ್ತೆ ಗಟ್ಟಿಯಾಗಿ ಗಾಜಿನಂತಾಗುತ್ತದೆ.

ಮೊದಲು ಕಲಿಯಬೇಕಾದದ್ದು ಬೀಳುವುದು. ಪಕ್ಕಕ್ಕೆ, ಸೊಂಟದ ಮೇಲೆ, ಹಿಂದಕ್ಕಲ್ಲ. ಏಳುವಾಗ ಸ್ಕೀ ಇಳಿಜಾರಿಗೆ ಅಡ್ಡ ಇರಬೇಕು. ಕೆಳಮುಖವಾಗಿದ್ದರೆ ಎದ್ದ ಕೂಡಲೇ ಜಾರುತ್ತದೆ. ಆಮೇಲೆ ನಿಲ್ಲುವುದು: ಮುಂದಿನ ತುದಿಗಳು ಹತ್ತಿರ, ಹಿಂದಿನವು ದೂರ. ವಿದೇಶದಲ್ಲಿ ಮಕ್ಕಳಿಗೆ ಇದನ್ನು 'ಪಿಜ್ಜಾ ತುಂಡು' ಎಂದು ಹೇಳಿಕೊಡುತ್ತಾರೆ. ನಮ್ಮ ಮಗಳು ಅದಕ್ಕೆ 'ಸಮೋಸಾ' ಎಂದು ಹೆಸರಿಟ್ಟಳು, ನೇರವಾಗಿ ಹೋಗುವುದಕ್ಕೆ 'ರೈಲು ಹಳಿ'. ಕಾಶ್ಮೀರಿ ಶಿಕ್ಷಕರೂ ಎರಡನೇ ದಿನದಿಂದ "ಸಮೋಸಾ! ಸಮೋಸಾ!" ಎಂದು ಕೂಗುತ್ತಿದ್ದರು.

ಪ್ರತಿ ಇಪ್ಪತ್ತು ನಿಮಿಷಕ್ಕೆ ಬಿಸಿನೀರು ಕುಡಿಸಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಮೂಗು, ಕೆನ್ನೆ, ಕಿವಿ ನೋಡಿ. ಬಿಳಚಿಕೊಂಡು ಮರಗಟ್ಟಿದ್ದರೆ ಒಳಗೆ ಕರೆದು ನಿಮ್ಮ ಅಂಗೈ ಶಾಖ ಕೊಡಿ. ಉಜ್ಜಬೇಡಿ, ಬೆಂಕಿಗೂ ಹಿಡಿಯಬೇಡಿ. ಮಗು ಮಂಕಾಗಿ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ಅದನ್ನು ಸುಸ್ತು ಎಂದುಕೊಳ್ಳಬೇಡಿ. ತಕ್ಷಣ ಒಳಗೆ ಕರೆದೊಯ್ದು ಒಣಬಟ್ಟೆ ಹಾಕಿ, ಡಾಕ್ಟರಿಗೆ ತೋರಿಸಿ. ತಲೆನೋವು, ವಾಂತಿ ನಿಲ್ಲದಿದ್ದರೆ ಔಷಧ ಒಂದೇ: ಕೆಳಗೆ ಇಳಿಯುವುದು.

ರಾತ್ರಿ

ರೂಮಿನಲ್ಲಿ ಬುಖಾರಿ ಎಂಬ ಕಟ್ಟಿಗೆ ಒಲೆಯೋ, ಕಾಂಗ್ಡಿ ಎಂಬ ಕೆಂಡದ ಕುಡಿಕೆಯೋ ಇದ್ದರೆ ಕಿಟಕಿ ಸ್ವಲ್ಪ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಾನಿಲ ವಾಸನೆಯಿಲ್ಲದೆ ಕೊಲ್ಲುತ್ತದೆ. ಮಲಗುವಾಗ ಕಾಂಗ್ಡಿಯನ್ನು ಹೊರಗಿಡಿಸಿ. ಬುಕ್ ಮಾಡುವಾಗಲೇ ಕರೆಂಟ್ ಹಾಸಿಗೆ, ಹೀಟರ್ ಇದೆಯೇ, ಕರೆಂಟ್ ಹೋದರೆ ಏನು ಎಂದು ಕೇಳಿ.

ಸಂಜೆ ರೂಮಿಗೆ ಬಂದ ಕೂಡಲೇ ಮೊದಲ ಕೆಲಸ ಚಹಾ ಅಲ್ಲ. ಬೂಟಿನ ಮೆತ್ತೆ ಹೊರತೆಗೆದು, ಒಳಗೆ ಹಳೆ ನ್ಯೂಸ್‌ಪೇಪರ್ ತುರುಕಿ, ಮಿಟನ್ ಜೊತೆ ಹೀಟರ್‌ನಿಂದ ಎರಡು ಅಡಿ ದೂರದಲ್ಲಿ ಒಣಗಲು ಇಡಿ. ಇದೊಂದು ಮರೆತರೆ ಮರುದಿನ ಬೆಳಗ್ಗೆ ಒದ್ದೆ ಬೂಟಿಗೆ ಕಾಲಿಡಲು ಯಾವ ಮಗುವೂ ಒಪ್ಪುವುದಿಲ್ಲ. ಚಿಕ್ಕಬಳ್ಳಾಪುರದಿಂದ ಒಂದು ವಾರದ ಪೇಪರ್ ಕಟ್ಟಿಕೊಂಡು ಹೋಗಿದ್ದಕ್ಕೆ ನಮ್ಮವರು ನಕ್ಕಿದ್ದರು. ಎರಡನೇ ರಾತ್ರಿ ಅವರೂ ಎರಡು ಹಾಳೆ ಕೇಳಿದರು.

ವಾಪಸ್ ಹೊರಡುವ ದಿನ ಶ್ರೀನಗರ ಏರ್‌ಪೋರ್ಟಿಗೆ ಮೂರು ಗಂಟೆ ಮುಂಚೆ ಹೋಗಿ. ಗೇಟಿನಿಂದಲೇ ತಪಾಸಣೆ ಶುರು, ಕಾರಿನಿಂದ ಎಲ್ಲ ಚೀಲ ಇಳಿಸಿ ಸ್ಕ್ಯಾನ್ ಮಾಡಿಸಬೇಕು. ಮನೆಗೆ ಬಂದ ಮೇಲೆ ಜಾಕೆಟ್ ಒಗೆದು ಬೀರುವಿನಲ್ಲಿ ತುಂಬಬೇಡಿ, ಮುಂದಿನ ಚಳಿಗಾಲಕ್ಕೆ ಅದು ಮಕ್ಕಳಿಗೆ ಆಗುವುದಿಲ್ಲ. ನಮ್ಮದು ಈಗ ಶಿಡ್ಲಘಟ್ಟದ ನಾದಿನಿಯ ಮಕ್ಕಳ ಹತ್ತಿರ ಇದೆ, ಜೊತೆಗೆ ಒಂದೇ ಒಂದು ಮಿಟನ್.